ಟಿ ಅಕ್ಕನ ಟ್ರ್ಯಾಮಲ್

ಟಿ ಅಕ್ಕ ಕೂತಿದ್ದನ್ನು ಕಂಡವರು ಕಡಿಮೆ. "ಇವಳಿಗೆ ಒಂಬತ್ತು ತಿಂಗಳು ಕಾಯೋ ವ್ಯವಧಾನ ಎಲ್ಲಿತ್ತು? ಎಂಟಕ್ಕೇ ಹೊರಟು ಬಂದ್ಲು," ಎಂದು ಹೆತ್ತ ತಾಯಿಯೇ ಹೇಳುತ್ತಿದ್ದರು. ಶಾಲೆಯಲ್ಲಿ ಒಬ್ಬ ಟೀಚರು ಬೇಸತ್ತು ಅವಳ ಎರಡೂ ಜಡೆಗಳನ್ನು ಬೆಂಚಿನ ಬೆನ್ನಿಗೆ ಗಂಟು ಹಾಕಿಬಿಟ್ಟಿದ್ದರು. ಗಂಟೆ ಹೊಡೆದದ್ದೇ ತಡ, ಅವಳು ಬೆಂಚಿನ ಸಮೇತ ಎದ್ದಳು. ಅದರ ಮೇಲಿದ್ದ ಇನ್ನಿಬ್ಬರು ಹುಡುಗಿಯರು ನೆಲ ಕಂಡರು. ಇಂಥವಳಿಗೆ ವಿಧಿ ಹುಡುಕಿ ಹುಡುಕಿ ಕೊಟ್ಟ ಗಂಡ ದರ್ಜಿ. ಹೊಲಿಗೆ ಯಂತ್ರದ ಮುಂದೆ ಒಮ್ಮೆ ಕೂತರೆ ಊಟಕ್ಕೆ ಏಳುವುದನ್ನೂ ಮರೆಯುವ ಪ್ರಾಣಿ. "ನಮ್ಮದು ಕತ್ತರಿ ಸಂಸಾರ. ಒಂದು ಅಲಗು ನಿಂತಿರಬೇಕು, ಇನ್ನೊಂದು ಆಡ್ತಿರಬೇಕು," ಎಂದು ಅವನು ಗಿರಾಕಿಗಳಿಗೆ ವಿವರಿಸುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ಅಷ್ಟರಲ್ಲಿ ಅಕ್ಕ ಮನೆಯೊಳಗಿಂದ ಎರಡು ಸಲ ಬಂದು ಹೋಗಿರುತ್ತಿದ್ದಳು.

ಅವಳ ಕೆಲಸ ಮಾತ್ರ ಕೂತು ಮಾಡುವಂಥದು. ಇಂಗ್ಲಿಷ್ ಪದಗಳಿಗೆ ನಮ್ಮ ಮಾತಿನಲ್ಲಿ ಅರ್ಥ ಬರೆಯುವ ನಿಘಂಟಿನ ಕಚೇರಿ. ಹಳೆಯ ಕಟ್ಟಡದ ಮೂರನೇ ಮಹಡಿ; ಲಿಫ್ಟ್ ಇಲ್ಲ, ಇದ್ದ ಮರದ ಮೆಟ್ಟಿಲುಗಳಿಗೂ ವಯಸ್ಸಾಗಿತ್ತು. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಅಕ್ಷರ ಹಂಚಿಕೆಯಾಗಿತ್ತು. ವರ್ಷಗಳು ಕಳೆದಂತೆ ಆ ಅಕ್ಷರವೇ ಹೆಸರಾಗಿ, ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಟಿ ಅಕ್ಕನ ಹೆಸರು ಕೇಳಿ ಹೊಸಬರು ಲೋಟ ಚಾಚುತ್ತಿದ್ದರು. ಅವಳು ಕುಡಿಯುತ್ತಿದ್ದುದು ಕಾಫಿ, ಅದೂ ನಿಂತುಕೊಂಡು. ಎಸ್ ಮೇಷ್ಟರು ಎಂಬವರಿದ್ದರು. ಹುಟ್ಟಿದಾಗಿನಿಂದ ಯಾವುದಕ್ಕೂ ಎಸ್ ಎಂದವರಲ್ಲ. ಪಕ್ಕದ ಮೇಜಿನಲ್ಲಿ ಯು ಅಣ್ಣ. ಅವನ ಪಾಲಿಗೆ ಬಂದ ಪದಗಳೆಲ್ಲ ಹೆಚ್ಚಾಗಿ 'ಅನ್' ಎಂದು ಶುರುವಾಗುವಂಥವು. ಹಗಲೆಲ್ಲ ಬೇರೆಯವರ ಪದಗಳಿಗೆ 'ಅಲ್ಲದ', 'ಇಲ್ಲದ' ಎಂದು ಅಂಟಿಸಿ ಅಂಟಿಸಿ ಮನುಷ್ಯ ಸ್ವಲ್ಪ ಹುಳಿಯಾಗಿದ್ದ.

ಈ ಕಚೇರಿಗೆ ಒಂದು ಪದ್ಧತಿಯಿತ್ತು. ಬೇರೆ ಯಾವ ನಿಘಂಟಿನವರೂ ಇಂಥದಕ್ಕೆ ಇಳಿದಿರಲಾರರು. "ಕ್ರಿಯಾಪದ ಅಂದ್ಮೇಲೆ ಕ್ರಿಯೆ ಬೇಡ್ವೇನ್ರೀ?" ಎನ್ನುತ್ತಿದ್ದರು ಸಂಪಾದಕರು. ಆದ್ದರಿಂದ ತಕರಾರಿನ ಕ್ರಿಯಾಪದ ಯಾವುದೇ ಬಂದರೂ ಅದನ್ನು ಬರೆಯುವವರು ಕೋಣೆಯ ನಡುವೆ ನಿಂತು ಆಡಿ ತೋರಿಸಬೇಕು. ನೋಡಿದವರಲ್ಲಿ ಮೂವರ ಬಾಯಿಂದ ಒಂದೇ ಪದ ಬಂದರೆ ಅದೇ ಮೊದಲ ಅರ್ಥ. ಆಡುವವರು ತುಟಿ ಬಿಚ್ಚುವಂತಿಲ್ಲ. ಬಾಯಿ ಬಿಟ್ಟರೆ ಪದ ಬಿಟ್ಟಂತೆ. ಇದಕ್ಕೆ 'ಆಟ' ಎಂದು ಹೆಸರು. ಮಧ್ಯವಯಸ್ಸು ದಾಟಿದವರು ಮೇಜುಗಳ ನಡುವೆ ತೆವಳುವುದು, ಕೊರಗುವುದು, ಪರಸ್ಪರ ಕುತ್ತಿಗೆ ಹಿಡಿಯುವುದು ಎಲ್ಲ ನಡೆಯುತ್ತಿತ್ತು. ಕೆಳಗಿನ ಮಹಡಿಯ ವಿಮೆ ಕಚೇರಿಯವರು ತಮ್ಮ ಏಜೆಂಟರನ್ನು ಮೇಲಕ್ಕೆ ಕಳಿಸುವುದನ್ನು ಎಂದೋ ನಿಲ್ಲಿಸಿದ್ದರು.

ಅಕ್ಕನ ಕಾಲು ಮುರಿದದ್ದು ಇದೇ ಆಟದಲ್ಲಿ. ಪದ 'ಟಾಪಲ್'. ಬೇರೆ ಯಾರೇ ಆಗಿದ್ದರೂ ಒಂದು ಲೋಟ ಉರುಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಅಕ್ಕ ಮೇಜಿನ ಮೇಲೆ ಕುರ್ಚಿ ಇಟ್ಟು, ಕುರ್ಚಿಯ ಮೇಲೆ ತಾನು ನಿಂತು, ಎರಡೂ ತೋಳು ಚಾಚಿ, ನಿಜವಾಗಿಯೇ ಮಗುಚಿಕೊಂಡಳು. ನೋಡುತ್ತಿದ್ದ ಎಲ್ಲರ ಬಾಯಿಂದಲೂ ಒಂದೇ ಉಸಿರಿಗೆ "ಉರುಳಿಬಿದ್ಲು!" ಎಂದು ಬಂತು. ಅಷ್ಟು ಒಮ್ಮತ ಆ ಕಚೇರಿಯಲ್ಲಿ ಹಿಂದೆಂದೂ ಆಗಿರಲಿಲ್ಲ. ಎಸ್ ಮೇಷ್ಟರೂ ಒಪ್ಪಿದ್ದರು.

ಬಲಗಾಲಿನ ಹಿಮ್ಮಡಿಯ ಮೂಳೆ. ಡಾಕ್ಟರು ಮೊಳೆ ಹೊಡೆದು, ಪ್ಲಾಸ್ಟರ್ ಹಾಕಿ, ನೆಲಕ್ಕೆ ಊರಕೂಡದು ಎಂದರು. ಊರಿ ಮೊಳೆ ಅಲುಗಿದರೆ ಇನ್ನೊಂದು ಆಪರೇಷನ್, ಆಮೇಲೆ ಜೀವಮಾನವಿಡೀ ಕುಂಟು. ಇಷ್ಟು ಹೇಳಿ ಅವರು ಅಕ್ಕನ ಕಡೆ ನೋಡದೆ ಅತ್ತೆಯ ಕಡೆ ನೋಡಿದರು. ಏಕೆಂದರೆ ಅತ್ತೆ ಅದೇ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಅವರ ಕಾಲದಲ್ಲಿ ಆ ವಾರ್ಡಿನ ರೋಗಿಗಳು ಸೀನಬೇಕಾದರೂ ಅನುಮತಿ ಕೇಳುತ್ತಿದ್ದರಂತೆ.

"ಇವತ್ತಿಂದ ನೀನು ಸೊಸೆ ಅಲ್ಲ. ಬೆಡ್ ನಂಬರ್ ಒಂದು," ಅಂದರು ಅತ್ತೆ ಮನೆಗೆ ಬಂದ ತಕ್ಷಣ.

"ಬೆಡ್ ನಂಬರ್ ಎರಡು ಯಾರತ್ತೆ?"

"ನನ್ನ ಮಗ. ಅವನು ಹೇಗೂ ಏಳಲ್ಲ."

ಅತ್ತೆಯ ಆಡಳಿತದಲ್ಲಿ ಕ್ರೌರ್ಯವೇನೂ ಇರಲಿಲ್ಲ. ಅದೇ ಕಷ್ಟ. ಕಾಲ ಕೆಳಗೆ ದಿಂಬು, ದಿಂಬಿನ ಮೇಲೊಂದು ಟವೆಲು, ಹೆಗಲಿಗೆ ಶಾಲು, ಕೈಗೆಟುಕುವಲ್ಲಿ ನೀರು. ಊರುಗೋಲು ಮಾತ್ರ ಕೈಗೆಟುಕದಲ್ಲಿ. ಅಕ್ಕ ಒಂಚೂರು ಸೊಂಟ ಸರಿಸಿದರೆ ಅಡುಗೆಮನೆಯಿಂದಲೇ "ಊಂ?" ಎಂದು ದನಿ ಬರುತ್ತಿತ್ತು. ಗಂಡನೂ ತನ್ನ ಪಾಲಿನದನ್ನು ಮಾಡಿದ: ಯಂತ್ರವನ್ನು ಅವಳ ಕೋಣೆಯ ಬಾಗಿಲಿಗೇ ತಂದಿಟ್ಟು, ಹಾದಿಗೆ ಅಡ್ಡಲಾಗಿ ಕೂತು ಹೊಲಿಯತೊಡಗಿದ. "ನಿನ್ನ ಜೊತೆಗಿರಲಿ ಅಂತ," ಅಂದ. ಅದು ನಿಜವೂ ಹೌದು. ಅಕ್ಕನಿಗೆ ಕೋಪ ಬರುತ್ತಿತ್ತು. ಆದರೆ ಯಾರ ಮೇಲೆ ಎಂದು ನೋಡಿದರೆ ಎದುರಿಗೆ ಬಿಸಿ ಸಾರಿನ ಬಟ್ಟಲು ಹಿಡಿದು ಯಾರಾದರೂ ನಿಂತಿರುತ್ತಿದ್ದರು. ಪ್ಲಾಸ್ಟರಿನೊಳಗೆ ತುರಿಕೆ, ಮೇಲೆ ಫ್ಯಾನಿನ ಟಕಟಕ, ಬಾಗಿಲಲ್ಲಿ ಯಂತ್ರದ ಟರಟರ. ಸದ್ದೆರಡೂ ತನ್ನ ಅಕ್ಷರದಿಂದಲೇ ಶುರುವಾಗುತ್ತವಲ್ಲ ಎಂದು ಅವಳಿಗೆ ಒಂದು ಕ್ಷಣ ನಗು, ಮರುಕ್ಷಣ ಅಳು.

ಹೀಗಿರುವಾಗ ಯು ಅಣ್ಣ ಕಿತ್ತಳೆ ಹಣ್ಣಿನ ಚೀಲ ಹಿಡಿದು ನೋಡಲು ಬಂದ. ಆರೋಗ್ಯ ವಿಚಾರಿಸಿದ. ಒಂದು ಹಣ್ಣು ತಾನೇ ಸುಲಿದು ತಾನೇ ತಿಂದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಅಕ್ಕಾ, ಟ್ರ್ಯಾಮಲ್ ಅಂತ ಒಂದಿದೆಯಲ್ಲ ನಿಮ್ಮ ಹತ್ರ..."

"ಇದೆ. ಅದಕ್ಕೇನೀಗ?"

"ಅದನ್ನ ಯಾರು ಬಳಸ್ತಾರೆ ಹೇಳಿ. ಓದೋರಿಗೆ ಸಿಗೋದೆಲ್ಲ ಅನ್‌ಟ್ರ್ಯಾಮಲ್ಡ್. ಅಡೆತಡೆ ಇಲ್ಲದ, ಸ್ವಚ್ಛಂದ. ಅದು ನಂದು. ನಿಮ್ಮ ಕಡೆ ಸುಮ್ನೆ 'ಯು ನೋಡಿ' ಅಂತ ಹಾಕಿದ್ರೆ ಜಾಗ ಉಳಿಯುತ್ತೆ."

"ಅಂದ್ರೆ ಬಿಡುಗಡೆ ನಿಮ್ಮದು, ಬಂಧನ ಎಲ್ಲೂ ಇಲ್ಲ."

"ಹಾಗಲ್ಲ ಅಕ್ಕ..."

"ಹಾಗೇ! ಬೇಲಿ ಇಲ್ಲದ ಹೊಲದಲ್ಲಿ ಬೇಲಿ ಹಾರಿದೆ ಅಂತ ಹೇಳ್ಕೊಂಡು ತಿರುಗ್ತೀರಾ?" ಅಕ್ಕ ಎದ್ದೇಬಿಡುವವಳಿದ್ದಳು.

"ಊಂ?" ಎಂದಿತು ಅಡುಗೆಮನೆ. ಅಕ್ಕ ಕೂತಳು. ಯು ಅಣ್ಣ ಇನ್ನೊಂದು ಹಣ್ಣಿಗೆ ಕೈ ಹಾಕಿದವನು ಏಕೋ ವಾಪಸಿಟ್ಟ.

ಜಗಳ ಸಂಪಾದಕರವರೆಗೆ ಹೋಯಿತು. ಅವರು ಫೋನಿನಲ್ಲಿ ಬಹಳ ಮೆದುವಾಗಿ ಮಾತಾಡಿದರು. ಮೆದುವಾಗಿ ಮಾತಾಡಿದರೆಂದರೆ ತೀರ್ಮಾನ ಆಗಿಹೋಗಿದೆ ಎಂದೇ ಲೆಕ್ಕ. ಸೋಮವಾರ ಟ್ರ್ಯಾಮಲ್ ಆಟ. ಅಕ್ಕ ಬಂದು ಗೆದ್ದರೆ ಪದವೂ ಅವಳದು, ಅಕ್ಷರವೂ ಅವಳದು. ಬರಲಾಗದಿದ್ದರೆ, ಅಥವಾ ಬಂದು ಸೋತರೆ, ಟಿಯಲ್ಲಿ ಉಳಿದದ್ದೆಲ್ಲ ಯು ಅಣ್ಣನ ಕೈಗೆ. "ಅಚ್ಚಿನವರು ಕಾಯಲ್ಲಮ್ಮಾ. ಕಾಲು ಕೂಡಿದ ಮೇಲೆ ಬನ್ನಿ, ಬೇರೆ ಯಾವುದಾದ್ರೂ ಸಣ್ಣ ಅಕ್ಷರ ನೋಡೋಣ."

ಸಣ್ಣ ಅಕ್ಷರ! ಕ್ಯೂ ಕೊಟ್ಟು ಕ್ಯೂನಲ್ಲಿ ನಿಲ್ಲಿಸುತ್ತಾರೆ ಎಂದು ಅಕ್ಕ ಹಲ್ಲು ಕಡಿದಳು. ತಲೆಗೂದಲು ಕಪ್ಪಗಿದ್ದಾಗ ಹಿಡಿದ ಅಕ್ಷರ ಅದು. ಟ್ಯಾಬ್, ಟ್ಯಾಕ್ಟ್, ಟೇಲ್ ಎಂದು ಒಂದೊಂದನ್ನೇ ಬರೆದು, ಆಡಿ, ಬಿದ್ದು, ಎದ್ದು ಇಲ್ಲಿವರೆಗೆ ತಂದಿದ್ದಳು.

ಆ ವಾರಾಂತ್ಯ ಅವಳ ತಲೆ ನಿಂತಲ್ಲಿ ನಿಲ್ಲಲಿಲ್ಲ. ಟ್ರ್ಯಾಮಲ್ ಎಂಬುದು ಮೊದಲು ಒಂದು ಬಲೆ, ಪದರದ ಮೇಲೆ ಪದರ ಇಟ್ಟು ಹೆಣೆದ ಮೀನು ಬಲೆ. ಆಮೇಲೆ ಕುದುರೆಯ ಕಾಲಿಗೆ ಹಾಕುವ ತೊಡರು. ಓಡುವುದನ್ನು ಬಿಡಿಸಿ ಹದವಾಗಿ ನಡೆಯುವುದನ್ನು ಕಲಿಸಲು. ಒಲೆಯ ಮೇಲೆ ಪಾತ್ರೆ ತೂಗಿಹಾಕುವ ಕೊಕ್ಕೆಗೂ ಅದೇ ಹೆಸರು. ಕ್ರಿಯಾಪದವಾದ ಮೇಲೆ ಈ ವಸ್ತುಗಳೆಲ್ಲ ಮಾಯವಾಗಿ ಬರೀ ಅಡ್ಡಿ ಉಳಿಯಿತು. ಬಳಕೆಯನ್ನು ಹುಡುಕಿದರೆ ವಿಚಿತ್ರ: ಒಬ್ಬರು ಇನ್ನೊಬ್ಬರನ್ನು ಟ್ರ್ಯಾಮಲ್ ಮಾಡಿದರು ಎಂದು ಯಾರೂ ಅಷ್ಟಾಗಿ ಬರೆಯುವುದಿಲ್ಲ. ನಿಯಮದಿಂದ ಆಯಿತು, ರೂಢಿಯಿಂದ ಆಯಿತು, ದಾಕ್ಷಿಣ್ಯದಿಂದ ಆಯಿತು ಎಂದೇ ಬರೆಯುತ್ತಾರೆ. ಸಿಕ್ಕಿಕೊಂಡವರಿದ್ದಾರೆ, ಸಿಕ್ಕಿಸಿದವರಿಲ್ಲ. ಇದನ್ನು ತುಟಿ ಬಿಚ್ಚದೆ ಆಡಿ ತೋರಿಸುವುದು ಹೇಗೆ?

"ರೀ, ನಿಮ್ಮ ಅಳತೆ ಟೇಪು ಕೊಡಿ."

"ಯಾಕೆ?"

"ಕಾಲಿಗೆ ಸುತ್ಕೊಂಡು ನೋಡ್ತೀನಿ."

ಗಂಡ ಟೇಪು ಕೊಡುವ ಮೊದಲು ಅತ್ತೆಯ ಮುಖ ನೋಡಿದ. ಅತ್ತೆ ಬೇಡವೆಂದು ತಲೆಯಾಡಿಸಿದರು. ಟೇಪು ಕೊರಳಲ್ಲೇ ಉಳಿಯಿತು.

ಸೋಮವಾರ ಬೆಳಿಗ್ಗೆ ಗಂಡ ಗುಂಡಿ ತರಲು ಹೋದ. ಅತ್ತೆ ಸ್ನಾನಕ್ಕೆ ಹೋದರು. ಅಕ್ಕ ಮಂಚದಿಂದ ಜಾರಿ, ಹೊಲಿಗೆ ಯಂತ್ರದ ಕೆಳಗೆ ತೂರಿ, ಕೂತಂತೆಯೇ ಹಿಂದಕ್ಕೆ ಸರಿದು ಹೊರಬಾಗಿಲು ತಲುಪಿದಳು. ಮಹಡಿಯ ಮೆಟ್ಟಿಲ ಮೇಲೆ ಕೂತು, ಮುರಿದ ಕಾಲನ್ನು ಗಾಳಿಯಲ್ಲಿ ಚಾಚಿ, ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು. ಎದುರುಮನೆಯವರು ಬಾಗಿಲು ತೆರೆದು, ನೋಡಿ, ಮುಚ್ಚಿದರು. ಅರ್ಧ ಇಳಿಯುವಷ್ಟರಲ್ಲಿ ಮೇಲಿನಿಂದ ಸಾಬೂನಿನ ವಾಸನೆ ಬಂತು.

"ಎಲ್ಲಿಗೆ ಸವಾರಿ?"

ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಅತ್ತೆ ನಿಂತಿದ್ದರು.

"ಆಫೀಸಿಗೆ. ತಡೀಬೇಡಿ ಅತ್ತೆ. ಇವತ್ತು ಹೋಗದಿದ್ರೆ ನನ್ನ ಅಕ್ಷರ ಹೋಗುತ್ತೆ."

"ಹೋದ್ರೆ ಕಾಲು ಹೋಗುತ್ತೆ. ಅಕ್ಷರ ಇಪ್ಪತ್ತಾರಿದೆ, ಕಾಲು ಎರಡೇ."

"ನೀವು ನನ್ನ..." ಅಕ್ಕ ಕೈಗಂಬಿ ಹಿಡಿದಳು. "ಉಸಿರಾಡೋಕೆ ಬಿಡ್ತಿಲ್ಲ ನೀವೆಲ್ಲ ಸೇರಿ."

"ನಾನೇನು ಕಟ್ಟಿಹಾಕಿದ್ನಾ?"

ಅಕ್ಕ ಮುಖ ತಿರುಗಿಸಿದಳು. ಇನ್ನೊಂದು ಮೆಟ್ಟಿಲು ಇಳಿದಳು. ಅತ್ತೆ ಮೇಲಿಂದಲೇ ಅವಳ ಕೈ ನೋಡಿದರು.

"ಎಡಗೈ ಹಿಂದಕ್ಕಿಡು, ಮುಂದಕ್ಕಲ್ಲ. ಭಾರ ಸೊಂಟಕ್ಕೆ ಬರ್ಲಿ. ನಿಲ್ಲು, ಶಾಲು ತರ್ತೀನಿ."

"ನೀವೂ ಬರ್ತೀರಾ?"

"ಪೇಷಂಟು ಓಡಿಹೋದ್ರೆ ನರ್ಸಿಗೆ ಅವಮಾನ. ಜೊತೆಗೆ ಹೋದ್ರೆ ಅದು ವರ್ಗಾವಣೆ."

ಟ್ಯಾಕ್ಸಿಯಲ್ಲಿ ಅತ್ತೆ ಅವಳ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಡ್ರೈವರ್ ಹಳ್ಳ ಬಂದಾಗಲೆಲ್ಲ ಬೈಸಿಕೊಂಡ. ಕಚೇರಿಯ ಕಟ್ಟಡದ ಕೆಳಗೆ ನಿಂತು ಅತ್ತೆ ಒಂದೇ ಸಲ ಕೂಗಿದರು. ಯು ಅಣ್ಣನೂ ಎಸ್ ಮೇಷ್ಟರೂ ಕುರ್ಚಿಯೊಂದನ್ನು ಹೊತ್ತು ಓಡಿ ಬಂದು, ಅಕ್ಕನನ್ನು ಅದರಲ್ಲಿ ಕೂರಿಸಿ ಎತ್ತಿದರು. ಯು ಅಣ್ಣ ಏದುಸಿರು ಬಿಡುತ್ತ, "ನೀವು ಬರಲ್ಲ ಅಂದ್ಕೊಂಡಿದ್ದೆ," ಅಂದ. "ನನ್ನನ್ನ ಹೊತ್ತು ತರೋ ಹಣೆಬರಹ ನಿಮ್ಮದು," ಅಂದಳು ಅಕ್ಕ. ಕೈ ಬಿಡಲಾಗದ್ದರಿಂದ ಅವನು ಬಾಯಿ ಬಿಡಲಿಲ್ಲ.

ಆಟ ಶುರುವಾಯಿತು. ನಡುವೆ ಅಕ್ಕ, ಸುತ್ತ ಅಕ್ಷರಗಳು. ಅತ್ತೆಗೆ ಯಾರೂ ನಿಯಮ ಹೇಳಿರಲಿಲ್ಲ. ಅವರು ಸೊಸೆಯ ಪಕ್ಕದಲ್ಲೇ ಒಂದು ಸ್ಟೂಲು ಎಳೆದುಕೊಂಡು ಕೂತಿದ್ದರು. ಅಕ್ಕ ತುಟಿ ಬಿಗಿದು ಯೋಚಿಸಿದಳು. ಏನೂ ಹೊಳೆಯದೆ, ಸುಮ್ಮನೆ ಕೂರಲೂ ಆಗದೆ, ಎದ್ದಾದರೂ ನೋಡೋಣ ಎಂದು ಕೈಗಳನ್ನು ಕುರ್ಚಿಗೆ ಊರಿದಳು.

"ಕಾಲು!" ಅತ್ತೆ ಹಾರಿ ಬಂದು ಕೂರಿಸಿದರು. ತಮ್ಮ ಸ್ಟೂಲನ್ನೇ ಕಾಲ ಕೆಳಗೆ ತಳ್ಳಿದರು.

ಅಕ್ಕ ಕೈ ಎತ್ತಿ ಹಿಂದೆ ಸರಿಯಿರಿ ಎಂದು ಸನ್ನೆ ಮಾಡಿದಳು.

"ಕೈ ಬೀಸ್ಬೇಡ, ತೂಕ ತಪ್ಪುತ್ತೆ." ಕೈಯನ್ನು ಮಡಿಸಿ ಮಡಿಲಲ್ಲಿಟ್ಟರು. ಮಡಿಲಿಗೆ ಶಾಲು ಹೊದಿಸಿದರು. ಅಕ್ಕ ಕತ್ತು ತಿರುಗಿಸಿ ಸಂಪಾದಕರ ಕಡೆ ದೈನ್ಯದಿಂದ ನೋಡಿದಳು. "ಬಾಯಾರಿಕೆನಾ?" ಎಂದು ಅತ್ತೆ ಲೋಟವನ್ನು ತುಟಿಗೆ ಹಿಡಿದರು. ಮಾತಾಡುವಂತಿಲ್ಲದ್ದರಿಂದ ಅಕ್ಕ ಕುಡಿದಳು. ಕೋಣೆಯಲ್ಲಿ ನಗು ಗುಳುಗುಳು ಎನ್ನತೊಡಗಿತು. ಲೋಟದ ಅಂಚಿನ ಮೇಲಿಂದ ನೋಡುತ್ತಿದ್ದಾಗ ಅಕ್ಕನಿಗೆ ಹೊಳೆಯಿತು: ಆಟ ನಡೆಯುತ್ತಿದೆ. ತಾನು ಆಡುತ್ತಿಲ್ಲ, ಆದರೂ ನಡೆಯುತ್ತಿದೆ.

"ಕಟ್ಟಿಹಾಕು!" ಎಂದರು ಎಸ್ ಮೇಷ್ಟರು ತೊಡೆ ತಟ್ಟಿ.

"ಕಟ್ಟಿಹಾಕು, ಸರಿಯಾಗಿ ಹೇಳಿದ್ರಿ," ಎಂದಿತು ಇನ್ನೊಂದು ಅಕ್ಷರ.

ಎರಡಾಯಿತು. ಇನ್ನೊಂದು ಬಂದರೆ ಟಿ ಅವಳದು. ಕಿಟಕಿಯ ಬಳಿ ಕೂತಿದ್ದ ಎಂ ಮೇಡಂ ನಗುತ್ತಲೇ ಬಾಯಿ ತೆರೆಯುತ್ತಿದ್ದರು. ಅಕ್ಕ ಮಾಡಬೇಕಾದ್ದು ಇಷ್ಟೇ, ಸುಮ್ಮನಿರಬೇಕು. ಅಷ್ಟರಲ್ಲಿ ಲೋಟ ಅವಳ ತುಟಿಯಿಂದ ಸರಿಯಿತು. ಅತ್ತೆ ನಗುತ್ತಿರುವ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ವಾರ್ಡನ್ನು ಗಡಗಡ ನಡುಗಿಸಿದ ಆ ಹೆಂಗಸಿಗೆ ಲೋಟವನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

"ನನ್ನ ಬಗ್ಗೆನಾ ಹೇಳ್ತಿರೋದು?" ಎಂದು ಕೇಳಿದರು, ಸಣ್ಣ ದನಿಯಲ್ಲಿ.

ಅಕ್ಕನ ಬಾಯಿ ಕಾಲಿಗಿಂತ ಚುರುಕು.

"ಕಟ್ಟಿಹಾಕೋದಲ್ಲ ಕಣ್ರೀ! ಕಟ್ಟೋಕೆ ಹಗ್ಗ ಬೇಕು, ಗಂಟು ಬೇಕು, ಕಟ್ಟಿದೋರು ಬೇಕು. ಇಲ್ಲಿ ಯಾವುದಿದೆ? ಕಾಲು ಜೋಪಾನ ಅಂದ್ರು, ಶಾಲು ಹೊದಿಸಿದ್ರು, ನೀರು ಕೊಟ್ರು. ಒಂದೊಂದೂ ಒಂದು ಎಳೆ. ಯಾವ ಎಳೇನೂ ಹರಿಯೋಕೆ ಮನಸ್ಸು ಬರಲ್ಲ. ಎಲ್ಲಾ ಸೇರಿ ಹೆಜ್ಜೆಗೆ ತೊಡರಾಗುತ್ತೆ, ಅಷ್ಟೆ. ಬೈಯೋಣ ಅಂದ್ರೆ ಒಬ್ರೂ ಸಿಗಲ್ಲ!"

ಎಂ ಮೇಡಂ ತೆರೆದ ಬಾಯನ್ನು ಮೆಲ್ಲಗೆ ಮುಚ್ಚಿಕೊಂಡರು. ಸಂಪಾದಕರು ಕನ್ನಡಕ ತೆಗೆದು ಒರೆಸಿದರು, ಬಹಳ ಮೆದುವಾಗಿ.

"ಬಾಯಿ ಬಿಟ್ರಿ ಅಮ್ಮಾ," ಅಂದರು.

"ಬಿಟ್ಟೆ ಸಾರ್."

"ನಿಯಮ ನಿಯಮವೇ."

"ಗೊತ್ತು ಸಾರ್."

ಅಲ್ಲಿಗೆ ಮುಗಿಯಿತು. ಎಲ್ಲರೂ ತಮ್ಮ ತಮ್ಮ ಮೇಜಿಗೆ ಹೋಗಿ, ಇಲ್ಲದ ಕೆಲಸ ಹುಡುಕಿಕೊಂಡರು. ಯು ಅಣ್ಣ ಮಾತ್ರ ಪೆನ್ಸಿಲ್ ಹಿಡಿದು ಕುರ್ಚಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಅಕ್ಕಾ, ಹೆಜ್ಜೆಗೆ ತೊಡರಾಗು... ಅದಕ್ಕೆ ಮುಂಚೆ ಏನೋ ಅಂದ್ರಲ್ಲ, ಎಳೆ ಅಂತ. ಇನ್ನೊಂದ್ಸಲ ಹೇಳಿ."

"ನಿಮ್ಮ ಅಕ್ಷರ, ನೀವೇ ನೋಡ್ಕೊಳ್ಳಿ." ಹಾಗೆಂದವಳು ಒಂದು ಗಳಿಗೆಯೂ ಸುಮ್ಮನಿರಲಾರದೆ, "ಎಳೆ ಅಂತ ಬೇಡ, ಕವಿತೆ ಆಗುತ್ತೆ. ಬಲೆಯಿಂದ ಬಂದ ಪದ ಅಂತ ಮೊದಲು ಹೇಳಿ. ಆಮೇಲೆ ತೊಡರಾಗು, ಅಡ್ಡಿಯಾಗು. ರೂಢಿಯಿಂದ, ದಾಕ್ಷಿಣ್ಯದಿಂದ ಅಂತ ಬಳಕೆ ಕೊಡಿ. ಕಟ್ಟಿಹಾಕು ಬರಲೇಕೂಡದು. ಅದು 'ಟೈ'. ಅದನ್ನ ಆಗ್ಲೇ ಬರೆದಾಯ್ತು," ಅಂದಳು.

"ಸರಿ."

"ಯು ನೋಡಿ ಅಂತ ಹಾಕಲ್ವಾ?"

ಯು ಅಣ್ಣ ಪೆನ್ಸಿಲಿನ ತುದಿ ಕಚ್ಚಿದ. "ಈಗ ಎರಡೂ ನನ್ನ ಹೊಲ ಅಲ್ವಾ ಅಕ್ಕ? ಇನ್ನು ಬೇಲಿ ಯಾರಿಗೆ ಅಡ್ಡ ಹಾಕ್ಲಿ?" ಅಂದ. ಅವನ ಮುಖದಲ್ಲಿ ಗೆದ್ದ ಕಳೆ ಏನೂ ಇರಲಿಲ್ಲ.

ಮರಳಿ ಬರುವಾಗ ಟ್ಯಾಕ್ಸಿಯಲ್ಲಿ ಕಾಲು ಮತ್ತೆ ಅತ್ತೆಯ ತೊಡೆಯ ಮೇಲಿತ್ತು. ಆದರೆ ಹಳ್ಳ ಬಂದರೂ ಅವರು ಡ್ರೈವರನ್ನು ಬೈಯಲಿಲ್ಲ. ಅಕ್ಕ ಕಿಟಕಿಯ ಗಾಜು ಇಳಿಸಿದಳು, ಏರಿಸಿದಳು, ಶಾಲು ತೆಗೆದಳು, ಮತ್ತೆ ಹೊದ್ದಳು. "ಊಂ?" ಬರಲಿಲ್ಲ.

"ಸೋತ್ಯಾ?" ಎಂದರು ಅತ್ತೆ, ಬೀದಿ ಮೂರು ತಿರುವು ಕಳೆದ ಮೇಲೆ.

"ಸೋತೆ."

"ನನ್ನಿಂದ."

"ನನ್ನ ಬಾಯಿಂದ ಅತ್ತೆ."

ಮನೆಯ ಮೆಟ್ಟಿಲ ಬಳಿ ಗಂಡ ಗುಂಡಿಗಳ ಪೊಟ್ಟಣ ಹಿಡಿದು ಕಂಗಾಲಾಗಿ ನಿಂತಿದ್ದ. ಅತ್ತೆ ಅವನನ್ನು ಪಕ್ಕಕ್ಕೆ ಸರಿಸಿದರು. ತಾವೂ ಪಕ್ಕಕ್ಕೆ ಸರಿದರು. ಎದುರಿಗೆ ಇಡೀ ಮೆಟ್ಟಿಲ ಸಾಲು, ತಡೆಯುವವರಿಲ್ಲದೆ. ಅಕ್ಕ ಕೈಗಂಬಿ ಹಿಡಿದು ಎದ್ದಳು. ಒಳ್ಳೆಯ ಕಾಲಿನಲ್ಲಿ ನಿಂತು, ಮುರಿದ ಕಾಲನ್ನು ಮೊದಲ ಮೆಟ್ಟಿಲಿನ ಮೇಲಕ್ಕೆ ತಂದು, ಊರುವ ಮೊದಲು ಕಾದಳು. ಯಾರೂ ಏನೂ ಅನ್ನಲಿಲ್ಲ. ಕಾಲು ಗಾಳಿಯಲ್ಲಿ ಹಾಗೇ ತೂಗಿತು.

"ಅತ್ತೆ, ಏನಾದ್ರೂ ಅನ್ನಿ."

"ಏನನ್ಲಿ? ಬಾಯಿ ಬಿಟ್ರೆ ನಿಘಂಟಿಗೆ ಹಾಕ್ತೀಯ."

ಅಕ್ಕ ಕಾಲನ್ನು ಹಿಂದಕ್ಕೆ ತೆಗೆದಳು. ಆಮೇಲೆ ತಾನಾಗಿಯೇ ತಿರುಗಿ, ಮೊದಲ ಮೆಟ್ಟಿಲ ಮೇಲೆ ಕೂತು, ಎಡಗೈಯನ್ನು ಹಿಂದಕ್ಕಿಟ್ಟು, ಹಿಮ್ಮುಖವಾಗಿ ಏರತೊಡಗಿದಳು. ಅತ್ತೆ ಬಗ್ಗಿ ಪ್ಲಾಸ್ಟರಿನ ಕೆಳಗೆ ಅಂಗೈ ಹಿಡಿದರು, ತಾಗಿಯೂ ತಾಗದ ಹಾಗೆ.